ಬಾವುಟ ಹಿಡಿದು ನಿಂತವರು

ನಾನು ಓದಿದ್ದು ಮೆಕ್ಯಾನಿಕಲ್, ಹೊಟ್ಟೆಪಾಡಿಗೆ ಮಾಡುತ್ತಿರುವುದು ಸಾಫ್ಟ್‌ವೇರು. ನನ್ನಂಥವರು ಬೆಂಗಳೂರಿನಲ್ಲಿ ಬೀದಿಗೆ ಹತ್ತು ಜನ ಸಿಗುತ್ತಾರೆ ಬಿಡಿ. ಪಿಸ್ಟನ್, ಗೇರ್, ಆಕ್ಸಲ್ ಎಲ್ಲ ಕೊನೆಯ ಸೆಮಿಸ್ಟರಿನ ಜೊತೆಗೇ ಮರೆತುಹೋಯಿತು ಅಂದುಕೊಂಡಿದ್ದೆ. ಎರಡು ವರ್ಷದ ಹಿಂದೆ ಕಂಪನಿ ಕೆಲಸದ ಮೇಲೆ ಆರು ತಿಂಗಳು ಇಂಗ್ಲೆಂಡಿನಲ್ಲಿ ಇರಬೇಕಾಗಿ ಬಂತು. ಸಣ್ಣ ಊರು. ಭಾನುವಾರ ಬಂತೆಂದರೆ ಅನ್ನಕ್ಕೆ ಸಾರು ಮಾಡಿಕೊಂಡು, ಕಿಟಕಿಯಲ್ಲಿ ಮಳೆ ನೋಡುತ್ತ ಕೂರುವುದು. ನನ್ನ ಅವಸ್ಥೆ ನೋಡಲಾರದೆ ಆಫೀಸಿನ ಗೆಳೆಯನೊಬ್ಬ, "ನಾಳೆ ಬೆಳಿಗ್ಗೆ ಏಳಕ್ಕೆ ರೆಡಿಯಾಗಿರು, ಕಾರ್ಟ್ ರೇಸಿಗೆ ಹೋಗೋಣ. ಜನ ಕಡಿಮೆ ಬಿದ್ದಿದ್ದಾರೆ" ಅಂದ. ಪ್ರೇಕ್ಷಕರು ಕಡಿಮೆ ಬಿದ್ದಿದ್ದಾರೆ ಅಂತ ನಾನು ತಿಳಿದುಕೊಂಡೆ. ಅಲ್ಲಿಗೆ ಹೋದ ಮೇಲೆ ನೋಡಿದರೆ ಕೈಗೊಂದು ಕಿತ್ತಳೆ ಬಣ್ಣದ ಅಂಗಿ ಕೊಟ್ಟರು! ಕಡಿಮೆ ಬಿದ್ದಿದ್ದು ಕೆಲಸ ಮಾಡುವವರು :-)

ಆ ಒಂದು ದಿನದಿಂದ ಈ ಆಟದ ಚರಿತ್ರೆಯ ಹುಚ್ಚು ಹತ್ತಿತು. ಅಲ್ಲಿಂದ ಇಲ್ಲಿಯವರೆಗೆ ಓದಿ ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡೋಣ ಅಂತ.

ಮೊದಲು ಕಾರ್ಟ್ ಅಂದರೆ ಏನು ಅನ್ನೋದು. ನಾಲ್ಕು ಪುಟ್ಟ ಚಕ್ರ, ಕಬ್ಬಿಣದ ಕೊಳವೆಗಳನ್ನು ಬೆಸುಗೆ ಹಾಕಿದ ಒಂದು ಚೌಕಟ್ಟು, ಒಂದು ಸೀಟು, ಪಕ್ಕದಲ್ಲೊಂದು ಇಂಜಿನ್. ಸಸ್ಪೆನ್ಷನ್ ಇಲ್ಲ, ಡಿಫರೆನ್ಷಿಯಲ್ ಇಲ್ಲ. ಹಿಂದಿನ ಎರಡು ಚಕ್ರಗಳೂ ಒಂದೇ ಆಕ್ಸಲ್‌ಗೆ ಗಟ್ಟಿಯಾಗಿ ಕೂತಿರುತ್ತವೆ. ಹಾಗಿದ್ದರೆ ತಿರುವಿನಲ್ಲಿ ಹೇಗೆ ತಿರುಗುತ್ತೆ? ಚೌಕಟ್ಟೇ ಸ್ವಲ್ಪ ತಿರುಚಿಕೊಂಡು ಒಳಗಿನ ಹಿಂಚಕ್ರವನ್ನು ನೆಲದಿಂದ ಕೂದಲೆಳೆಯಷ್ಟು ಎತ್ತುತ್ತದೆ! ಪರೀಕ್ಷೆಗೆ ಗಟ್ಟುಹೊಡೆದ ಪಾಠ ಕಣ್ಣೆದುರು ಓಡುವುದನ್ನು ನೋಡಿ ನನಗೆ ರೋಮಾಂಚನವಾಯಿತು. ನೆಲದಿಂದ ಎರಡು ಬೆರಳು ಮೇಲೆ ಕೂತು ಗಂಟೆಗೆ ನೂರು ಕಿಲೋಮೀಟರ್ ಹತ್ತಿರ ಹೋಗುವ ಆಟ ಇದು.

ಇದು ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, 1956ರಲ್ಲಿ. ಗ್ಲೆಂಡೇಲ್ ಎಂಬ ಊರಲ್ಲಿ ರೇಸ್ ಕಾರು ಕಟ್ಟುವ ಕರ್ಟಿಸ್ ಕ್ರಾಫ್ಟ್ ಎಂಬ ಕಾರ್ಖಾನೆ ಇತ್ತು. ಅಲ್ಲಿ ಕೆಲಸಕ್ಕಿದ್ದವನು ಆರ್ಟ್ ಇಂಗಲ್ಸ್. ಆಗ ಹುಲ್ಲು ಕತ್ತರಿಸುವ ಯಂತ್ರದ ವ್ಯಾಪಾರವೊಂದು ಮುಳುಗಿ, ಅದಕ್ಕೆಂದು ಮಾಡಿದ್ದ ವೆಸ್ಟ್ ಬೆಂಡ್ ಎಂಬ ಪುಟ್ಟ ಟೂ ಸ್ಟ್ರೋಕ್ ಇಂಜಿನ್‌ಗಳು ಅಗ್ಗಕ್ಕೆ ಸಿಗುತ್ತಿದ್ದವು. ಎರಡೂವರೆ ಹಾರ್ಸ್‌ಪವರ್ ಅಷ್ಟೇ. ಇಂಗಲ್ಸ್ ದಢೂತಿ ಆಸಾಮಿ. ಇದು ನನ್ನನ್ನು ಎಳೆಯುತ್ತಾ ನೋಡೋಣ ಅಂತ ಗೆಳೆಯ ಲೂ ಬೊರೆಲ್ಲಿಯ ಜೊತೆ ಸೇರಿ ಒಂದು ಗಾಡಿ ಮಾಡಿದ. ಎಳೆಯಿತು!

ಅದನ್ನು ಅವನು ಪೊಮೋನಾದ ಕಾರ್ ರೇಸಿಗೆ ತೆಗೆದುಕೊಂಡು ಹೋಗಿ ಅಲ್ಲಿ ಓಡಿಸಿದಾಗ, ರೇಸ್ ನೋಡಲು ಬಂದವರು ಇವನ ಸುತ್ತ ನೆರೆದರು. ನೋಡಿದವರಲ್ಲಿ ಡಫಿ ಲಿವಿಂಗ್‌ಸ್ಟೋನ್ ಎಂಬವನೂ ಒಬ್ಬ. ಅವನದು ಸೈಲೆನ್ಸರ್ ಅಂಗಡಿ. ಊರಿಗೆ ಬಂದವನೇ ತನಗೊಂದು ಮಾಡಿಕೊಂಡ, ಅವನದ್ದನ್ನು ನೋಡಿ ಪಕ್ಕದವನು ಮಾಡಿಕೊಂಡ. 1957ರ ಹೊತ್ತಿಗೆ ಪ್ಯಾಸಡೀನಾದ ರೋಸ್ ಬೌಲ್ ಕ್ರೀಡಾಂಗಣದ ಖಾಲಿ ಪಾರ್ಕಿಂಗ್ ಜಾಗದಲ್ಲಿ ರಜಾದಿನಗಳಲ್ಲಿ ಇಂಥ ಗಾಡಿಗಳ ಜಾತ್ರೆಯೇ ಸೇರತೊಡಗಿತು. ಈ ಗಾಡಿಗೆ 'ಗೋ ಕಾರ್ಟ್' ಅಂತ ಹೆಸರಿಟ್ಟವನು ಒಂದು ಕಾರು ಪತ್ರಿಕೆಯಲ್ಲಿದ್ದ ಲಿನ್ ವೈನ್‌ಲ್ಯಾಂಡ್.

ಈಗ ನನಗೆ ಮುಖ್ಯ ಅನ್ನಿಸಿದ ವಿಷಯ. ಸಾಮಾನ್ಯವಾಗಿ ಚರಿತ್ರೆ ಹೇಳುವವರು ಇಂಗಲ್ಸ್‌ನಿಂದ ನೇರ ಕಂಪನಿಗಳಿಗೆ ಹಾರುತ್ತಾರೆ. ಲಿವಿಂಗ್‌ಸ್ಟೋನ್ ಮತ್ತು ಗೆಳೆಯರು ಕಂಪನಿ ಮಾಡಿ 129 ಡಾಲರಿಗೆ ಗಾಡಿಯ ಬಿಡಿಭಾಗಗಳ ಕಟ್ಟು ಮಾರಿದ್ದು, ಮರ ಕೊಯ್ಯುವ ಗರಗಸ ಮಾಡುತ್ತಿದ್ದ ಮೆಕಲಕ್ ಕಂಪನಿ 1959ರಲ್ಲಿ ಕಾರ್ಟ್‌ಗೆಂದೇ ಇಂಜಿನ್ ತಂದದ್ದು ಇತ್ಯಾದಿ. ಎಲ್ಲ ನಿಜವೇ. ಆದರೆ ನಡುವೆ ಒಂದು ಘಟನೆ ಇದೆ. ರೋಸ್ ಬೌಲ್‌ನಲ್ಲಿ ಗಲಾಟೆ ಹೆಚ್ಚಾಗಿ ಪೊಲೀಸರು ಇವರನ್ನು ಅಲ್ಲಿಂದ ಎಬ್ಬಿಸಿದರು. ಕಥೆ ಅಲ್ಲಿಗೇ ಮುಗಿಯಬಹುದಿತ್ತು. ನಮ್ಮ ಬೀದಿಯ ಕ್ರಿಕೆಟ್ಟಿನ ಹಾಗೆ, ಯಾರದೋ ಮನೆಯ ಕಿಟಕಿ ಗಾಜು ಒಡೆದು, ಬ್ಯಾಟು ಜಪ್ತಾಗಿ, ಎಲ್ಲರೂ ಮನೆಗೆ!

ಇವರು ಹಾಗೆ ಮಾಡಲಿಲ್ಲ. ಬೇರೆ ಜಾಗ ಹುಡುಕಿದರು. ವೆಸ್ಟ್ ಕೊವೀನಾದ ಒಂದು ಶಾಪಿಂಗ್ ಸೆಂಟರಿನ ಪಾರ್ಕಿಂಗ್ ಜಾಗ ಸಿಕ್ಕಿತು. 1957ರ ಡಿಸೆಂಬರಿನಲ್ಲಿ 'ಗೋ ಕಾರ್ಟ್ ಕ್ಲಬ್ ಆಫ್ ಅಮೆರಿಕ' ಅಂತ ಒಂದು ಕ್ಲಬ್ ಕಟ್ಟಿಕೊಂಡರು. ಕೂತು ನಿಯಮ ಬರೆದರು. ಗಾಡಿಯ ಅಳತೆ ಎಷ್ಟಿರಬೇಕು, ಬ್ರೇಕ್ ಹೇಗಿರಬೇಕು, ಯಾವ ಇಂಜಿನ್ ಯಾವ ವರ್ಗಕ್ಕೆ ಸೇರಬೇಕು ಇತ್ಯಾದಿ. ನಿಯಮ ಬಂತು ಅಂದ ಮೇಲೆ ಗಾಡಿ ತಪಾಸಣೆ ಮಾಡುವವರು ಬೇಕು. ಸುತ್ತು ಎಣಿಸುವವರು ಬೇಕು. ತಿರುವಿನಲ್ಲಿ ಬಾವುಟ ಹಿಡಿಯುವವರು ಬೇಕು. ಹುಲ್ಲಿನ ಪಿಂಡಿ ಜೋಡಿಸಿ ಗೋಡೆ ಕಟ್ಟುವವರು ಬೇಕು. ಸಂಜೆ ಜಾಗ ಗುಡಿಸಿ, ಯಾರದ್ದೋ ಅವರಿಗೆ ಒಪ್ಪಿಸುವವರು ಬೇಕು. ಇವರಲ್ಲಿ ಯಾರೂ ಆ ಹೊತ್ತಿನಲ್ಲಿ ಗಾಡಿ ಓಡಿಸುತ್ತಿಲ್ಲ, ಗಮನಿಸಿ. ನನ್ನ ಪ್ರಕಾರ ಆಟಿಕೆಯೊಂದು ಆಟವಾಗಿ ಬದಲಾದದ್ದು ಆಗ. ಇಂಜಿನ್ ತಿರುಗಿದಾಗ ಅಲ್ಲ, ಯಾರೋ ಒಬ್ಬ "ಇವತ್ತು ನೀವು ಓಡಿಸಿ, ನಾನು ಬಾವುಟ ಹಿಡೀತೀನಿ" ಅಂದಾಗ.

ಲಿವಿಂಗ್‌ಸ್ಟೋನ್ ಮತ್ತು ಗೆಳೆಯರ ಕಂಪನಿ ದೊಡ್ಡದಾಗಿ ಬೆಳೆದು, ಅಝೂಸಾ ಎಂಬ ಊರಲ್ಲಿ ಕಾರ್ಟ್‌ಗೆಂದೇ ಟ್ರ್ಯಾಕ್ ಮಾಡಿಸಿ, 1960ರ ದಶಕದ ಮೊದಲ ವರ್ಷಗಳಲ್ಲೇ ನೆಲಕಚ್ಚಿತು. ಕ್ಲಬ್ಬು ಮಾತ್ರ ಇಂಟರ್‌ನ್ಯಾಷನಲ್ ಕಾರ್ಟ್ ಫೆಡರೇಷನ್ ಅಂತ ಹೆಸರು ಬದಲಿಸಿಕೊಂಡು ಮುಂದೆ ದಶಕಗಟ್ಟಲೆ ರೇಸ್ ನಡೆಸಿತು. ದುಡ್ಡಿದ್ದದ್ದು ಕಂಪನಿಯಲ್ಲಿ, ಉಳಿದದ್ದು ಕ್ಲಬ್ಬು!

ಇನ್ನು ಇಂಗ್ಲೆಂಡಿಗೆ ಬರೋಣ. 1950ರ ದಶಕದ ಕೊನೆಗೆ ಅಲ್ಲಿನ ವಾಯುನೆಲೆಗಳಲ್ಲಿದ್ದ ಅಮೆರಿಕದ ಸೈನಿಕರು ಕಾರ್ಟ್‌ಗಳನ್ನು ಜೊತೆಗೆ ತಂದರು. ಬ್ರಿಟಿಷರಿಗೂ ಹುಚ್ಚು ಹತ್ತಿತು. ಅವರ ಹತ್ತಿರ ಎರಡನೇ ಮಹಾಯುದ್ಧದ ಕಾಲದ ವಿಮಾನ ಪಟ್ಟಿಗಳು ಹಾಳುಬಿದ್ದಿದ್ದವು. 1948ರಲ್ಲಿ ಗ್ರ್ಯಾನ್ ಪ್ರಿ ನಡೆದ ಸಿಲ್ವರ್‌ಸ್ಟೋನ್ ಕೂಡ ಅಂಥದ್ದೇ. ಬ್ಯಾನ್‌ಬರಿ ಹತ್ತಿರದ ಶೆನಿಂಗ್‌ಟನ್ ಇನ್ನೊಂದು. ಯುದ್ಧಕಾಲದಲ್ಲಿ ಇದರ ಹೆಸರು ಎಜ್‌ಹಿಲ್. ಬ್ರಿಟನ್ನಿನ ಮೊಟ್ಟಮೊದಲ ಜೆಟ್ ವಿಮಾನವನ್ನು 1942ರಲ್ಲಿ ಇಲ್ಲಿ ಹಾರಿಸಿ ಪರೀಕ್ಷಿಸಿದ್ದರು. ಫ್ರಾಂಕ್ ವಿಟ್ಲ್‌ನ ಜೆಟ್ ಇಂಜಿನ್ ಗುಡುಗಿದ್ದ ಜಾಗದಲ್ಲಿ ಈಗ ಎಂಟು ವರ್ಷದ ಮಕ್ಕಳ ಕಾರ್ಟ್‌ಗಳು ಗುಂಯ್‌ಗುಡುತ್ತವೆ. ಓಡಿಸುವುದು ಅಲ್ಲಿನ ಕ್ಲಬ್ಬಿನ ಸದಸ್ಯರೇ.

ಮುಂದೆ ಈ ಆಟದಿಂದ ಯಾರ್ಯಾರು ಬಂದರು ಅನ್ನೋದು ನಿಮಗೆ ಗೊತ್ತಿರುತ್ತದೆ. ಬ್ರೆಜಿಲ್‌ನಲ್ಲಿ ಆಯಿರ್ಟನ್ ಸೆನ್ನಾ ನಾಲ್ಕು ವರ್ಷದವನಿದ್ದಾಗ ಅವನಪ್ಪ ಮಾಡಿಕೊಟ್ಟ ಕಾರ್ಟ್‌ಗೂ ಹುಲ್ಲು ಕತ್ತರಿಸುವ ಯಂತ್ರದ್ದೇ ಇಂಜಿನ್. ಮೂರು ಸಲ ವಿಶ್ವ ಚಾಂಪಿಯನ್ ಆದ ಮೇಲೆ, 1993ರಲ್ಲಿ, ಅತ್ಯಂತ ಸಂತೋಷ ಕೊಟ್ಟ ಎದುರಾಳಿ ಯಾರು ಅಂತ ಪತ್ರಕರ್ತರು ಕೇಳಿದಾಗ ಅವನು ಪ್ರಾಸ್ಟ್, ಮ್ಯಾನ್ಸೆಲ್ ಯಾರ ಹೆಸರನ್ನೂ ಹೇಳಲಿಲ್ಲ. ಕಾರ್ಟ್ ಓಡಿಸುತ್ತಿದ್ದ ದಿನಗಳ ಟೆರಿ ಫುಲ್ಲರ್‌ಟನ್ ಹೆಸರು ಹೇಳಿದ. ಆಗ ದುಡ್ಡೂ ಇರಲಿಲ್ಲ, ರಾಜಕೀಯವೂ ಇರಲಿಲ್ಲ, ಅದು ಶುದ್ಧ ರೇಸು ಎಂಬ ಅರ್ಥದಲ್ಲಿ. ಲೂಯಿಸ್ ಹ್ಯಾಮಿಲ್ಟನ್ 1993ರಲ್ಲಿ, ಎಂಟು ವರ್ಷದವನಾಗಿ ರೈ ಹೌಸ್ ಟ್ರ್ಯಾಕಿನಲ್ಲಿ ಶುರುಮಾಡಿದ. ಮಗನ ರೇಸಿಗಾಗಿ ಅವನಪ್ಪ ಎರಡು ಮೂರು ಕೆಲಸ ಮಾಡುತ್ತಿದ್ದ. ಅವರ ಶ್ರಮದ ಬಗ್ಗೆ ಎಲ್ಲರೂ ಬರೆದಿದ್ದಾರೆ. ಆ ಹುಡುಗರು ತಿರುವಿನಲ್ಲಿ ಗಿರಕಿ ಹೊಡೆದು ನಿಂತಾಗ ಹಿಂದಿನವರನ್ನು ತಡೆದು ಉಳಿಸಿದ ಕೈ ಯಾರದ್ದು?

ಈಗ ಗಣಕ ಇದೆ, ಪ್ರತಿ ಕಾರ್ಟ್‌ಗೆ ಟ್ರಾನ್ಸ್‌ಪಾಂಡರ್ ಎಂಬ ಪುಟ್ಟ ಡಬ್ಬಿ ಕಟ್ಟುತ್ತಾರೆ, ಗೆರೆ ದಾಟಿದ ಕೂಡಲೇ ಸಮಯ ದಾಖಲಾಗುತ್ತದೆ. ಮೊದಲು ಹಾಗಿರಲಿಲ್ಲ. ಗೆರೆಯ ಪಕ್ಕ ಕಾಗದ ಪೆನ್ಸಿಲ್ ಹಿಡಿದು ಕೂತು, ಹಾದುಹೋದ ಪ್ರತಿ ಗಾಡಿಯ ನಂಬರನ್ನು ಅದೇ ಕ್ರಮದಲ್ಲಿ ಬರೆಯಬೇಕು. ಸುತ್ತಿಗೆ ಒಂದು ಸಾಲು. ಇಪ್ಪತ್ತು ಗಾಡಿ ಒಟ್ಟಿಗೆ ಬಂದರೆ ಒಬ್ಬ ಕೂಗಬೇಕು, ಇನ್ನೊಬ್ಬ ಬರೆಯಬೇಕು. ಒಂದು ನಂಬರ್ ತಪ್ಪಿದರೆ ಒಬ್ಬ ಹುಡುಗನ ಕಪ್ ಹೋದಂತೆ, ಮೇಲೆ ಅವನಪ್ಪನ ಬೈಗುಳ ಬೇರೆ! ನಾನು ಹೋದ ಕ್ಲಬ್ಬಿನಲ್ಲಿ ಆ ಕಾಲದ ಅಜ್ಜಿಯೊಬ್ಬರು ಇನ್ನೂ ಬರುತ್ತಾರೆ. ಕಂಪ್ಯೂಟರಿನ ಪಕ್ಕದಲ್ಲೇ ಕೂತು ಇನ್ನೂ ಕಾಗದದಲ್ಲೇ ಬರೆಯುತ್ತಾರೆ. "ಕರೆಂಟು ಹೋದರೆ?" ಅಂತ ನನ್ನನ್ನೇ ಕೇಳಿದರು. ಬ್ಯಾಕಪ್ ಅಂದರೇನು ಅಂತ ನಾನು ಮೀಟಿಂಗಿನಲ್ಲಿ ಸ್ಲೈಡು ಹಾಕಿ ವಿವರಿಸುವವನು, ಸುಮ್ಮನೆ ತಲೆಯಾಡಿಸಿದೆ.

ನನ್ನನ್ನು ಒಂದು ತಿರುವಿನಲ್ಲಿ ಅರವತ್ತು ದಾಟಿದ ಹಿರಿಯರೊಬ್ಬರ ಜೊತೆ ನಿಲ್ಲಿಸಿದ್ದರು. ಬಾವುಟಗಳ ಪಾಠ ಹದಿನೈದು ನಿಮಿಷದಲ್ಲಿ ಮುಗಿಯಿತು. ಹಳದಿ ಅಂದರೆ ಮುಂದೆ ಅಪಾಯ, ಯಾರನ್ನೂ ಹಿಂದೆ ಹಾಕಬೇಡ. ನೀಲಿ ಅಂದರೆ ನಿನಗಿಂತ ವೇಗದವನು ಹಿಂದಿದ್ದಾನೆ. ಕೆಂಪು ಅಂದರೆ ರೇಸ್ ನಿಂತಿತು. ಕಪ್ಪಿನ ಮೇಲೆ ಕಿತ್ತಳೆ ಚುಕ್ಕಿ ಅಂದರೆ ನಿನ್ನ ಗಾಡಿ ಕೆಟ್ಟಿದೆ, ಹೊರಗೆ ಬಾ. ಸುಲಭ ಅನ್ನಿಸಿತು.

ಮೂರನೇ ರೇಸು. ನಮ್ಮ ಎದುರಿಗೇ ಒಬ್ಬ ಹುಡುಗ ಗಿರಗಿರ ಸುತ್ತಿ, ಟ್ರ್ಯಾಕಿನ ನಡುವೆ ಅಡ್ಡಲಾಗಿ ನಿಂತುಬಿಟ್ಟ. ಹಳದಿ ಬಾವುಟ ನನ್ನ ಕೈಯಲ್ಲೇ ಇತ್ತು. ನಾನು ಬಾಯಿ ಬಿಟ್ಟುಕೊಂಡು ಆ ಹುಡುಗನನ್ನೇ ನೋಡುತ್ತ ನಿಂತಿದ್ದೆ! ಪಕ್ಕದ ಹಿರಿಯರು ನನ್ನ ಮಣಿಕಟ್ಟು ಹಿಡಿದು ಕೈಯನ್ನು ಮೇಲಕ್ಕೆತ್ತಿ ಬೀಸಿದರು. ತಿರುವಿನಾಚೆಯಿಂದ ಬಂದ ನಾಲ್ಕು ಗಾಡಿಗಳು ವೇಗ ತಗ್ಗಿಸಿ, ಪಕ್ಕಕ್ಕೆ ಸರಿದು ಹೋದವು. ಐದನೆಯದು ಅವನ ಮುಂದಿನ ಬಂಪರಿಗೆ ಒರೆಸಿಕೊಂಡು ಹೋಯಿತು. ಯಾರಿಗೂ ಏನೂ ಆಗಲಿಲ್ಲ. ನನ್ನ ಕಾಲು ಮಾತ್ರ ನಡುಗುತ್ತಿತ್ತು.

ಅವರು ಬೈಯಲಿಲ್ಲ. "ನಿಂತವನು ನಿಂತಾಯಿತು. ಅವನನ್ನು ಎಲ್ಲರೂ ನೋಡುತ್ತಾರೆ. ಇನ್ನೂ ಬರಬೇಕಾದವನಿಗೆ ಇದು ಗೊತ್ತಿಲ್ಲ. ನಾವಿರುವುದು ಅವನಿಗೆ ಹೇಳುವುದಕ್ಕೆ" ಅಂದರು, ಅಷ್ಟೇ.

ಮಧ್ಯಾಹ್ನ ಕ್ಲಬ್ಬು ಕೊಟ್ಟ ಸ್ಯಾಂಡ್‌ವಿಚ್ ತಿನ್ನುವಾಗ, ನಿಮ್ಮ ಮಗ ಯಾವ ಗಾಡಿ ಓಡಿಸುತ್ತಿದ್ದಾನೆ ಅಂತ ಕೇಳಿದೆ. ಮಗ ರೇಸ್ ಬಿಟ್ಟು ಇಪ್ಪತ್ತು ವರ್ಷವಾಯಿತಂತೆ, ಈಗ ಬೇರೆ ಊರಲ್ಲಿ ಕೆಲಸದಲ್ಲಿದ್ದಾನಂತೆ. ಮತ್ತೆ ನೀವು? "ಅವನು ಓಡಿಸುತ್ತಿದ್ದಾಗ ಈ ತಿರುವಿನಲ್ಲಿ ಯಾರೋ ಒಬ್ಬರು ನಿಂತಿರುತ್ತಿದ್ದರು. ಅವರ ಹೆಸರು ಕೇಳಬೇಕು ಅಂತಲೂ ನನಗೆ ಆಗ ತೋಚಲಿಲ್ಲ" ಅಂದು ಚಹಾ ಮುಗಿಸಿ ಎದ್ದರು. ಮುಂದೆ ಅಲ್ಲಿದ್ದಷ್ಟು ದಿನ ನಾನು ಪ್ರತಿ ರೇಸಿಗೂ ಹೋದೆ.

ಇದು ಬಿಳಿಯರ ಶೋಕಿ, ನಮಗೇನು ಅನ್ನಬೇಡಿ. ನಮ್ಮ ಪಕ್ಕದಲ್ಲೇ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಇದೆ, 1953ರಲ್ಲಿ ಶುರುವಾದದ್ದು. ಅವರೂ ಯುದ್ಧಕಾಲದ ವಿಮಾನ ಪಟ್ಟಿಯಲ್ಲೇ, ಶೋಳವರಂನಲ್ಲಿ, ದಶಕಗಳ ಕಾಲ ರೇಸ್ ನಡೆಸಿದರು. ನಮ್ಮ ಬೆಂಗಳೂರಿನವರೂ ಅಲ್ಲಿಗೆ ಹೋಗಿ ಓಡಿಸಿದ್ದಾರೆ. ಆಮೇಲೆ ಶ್ರೀಪೆರಂಬುದೂರಿನ ಹತ್ತಿರ ಸ್ವಂತ ಜಾಗ ಕೊಂಡು ಟ್ರ್ಯಾಕ್ ಕಟ್ಟಿದರು. ಅದು 1990ರಲ್ಲಿ ಶುರುವಾಯಿತು. ಟಿವಿಯಲ್ಲಿ ಎಫ್ 1 ನೋಡುವಾಗ ಕಿತ್ತಳೆ ಅಂಗಿಯವರು ಓಡಿಬಂದು ಗಾಡಿ ತಳ್ಳುತ್ತಾರಲ್ಲ, ಆ ಕೋಟಿಗಟ್ಟಲೆ ವ್ಯವಹಾರದಲ್ಲೂ ಅವರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರೇ!

ಊರಿಗೆ ವಾಪಸು ಬಂದ ವರ್ಷ ನಮ್ಮೂರ ತೇರಿಗೆ ಹೋಗಿದ್ದೆ. ಚಿಕ್ಕಂದಿನಿಂದ ನೋಡಿದ ತೇರು. ಯಾವಾಗಲೂ ಕಳಶ ನೋಡುತ್ತಿದ್ದೆ, ಬಾಳೆಹಣ್ಣು ಎಸೆಯುತ್ತಿದ್ದೆ. ಈ ಸಲ ಕಣ್ಣು ಕೆಳಗೆ ಹೋಯಿತು. ಉರುಳುವ ಗಾಲಿಯ ಪಕ್ಕದಲ್ಲೇ ಬಗ್ಗಿ ನಡೆಯುತ್ತ, ಮರದ ತುಂಡು ಕೊಟ್ಟು ತೇರನ್ನು ತಿರುಗಿಸುವ, ನಿಲ್ಲಿಸುವ ನಾಲ್ಕು ಜನ. ಅದರಲ್ಲೊಬ್ಬರು ನಮ್ಮ ಹಿಂದಿನ ಬೀದಿಯವರು. ಇಪ್ಪತ್ತೇಳು ವರ್ಷದಲ್ಲಿ ಅವರನ್ನು ಮಾತಾಡಿಸಿದವನಲ್ಲ. ತೇರು ನಿಂತ ಮೇಲೆ ಹೋಗಿ ಹೆಸರು ಕೇಳಿದೆ, ಎಷ್ಟು ವರ್ಷದಿಂದ ಮಾಡುತ್ತಿದ್ದೀರಿ ಅಂತ ಕೇಳಿದೆ. "ಅಪ್ಪ ಮಾಡ್ತಿದ್ರು, ಈಗ ನಾನು. ಮುಂದಿನ ಸಲ ನೀನೂ ಬಾರಪ್ಪ, ಜನ ಕಮ್ಮಿ ಬೀಳ್ತಿದಾರೆ" ಅಂದರು.

ಅದೇ ಮಾತು! ಈ ವರ್ಷ ರಜೆ ಹಾಕಿದ್ದೇನೆ. ನಿಮ್ಮೂರಲ್ಲಿ ಇಂಥ ಕೆಲಸ ಮಾಡುವವರು ಯಾರಿದ್ದಾರೆ? ಹೆಸರು ಗೊತ್ತಿದೆಯಾ? ಇಲ್ಲದಿದ್ದರೆ ಮುಂದಿನ ಸಲ ಊರಿಗೆ ಹೋದಾಗ ಕೇಳಿಕೊಂಡು ಬನ್ನಿ.