ಬೆನ್ನುಬೇನೆಯೂ ಮನೋವ್ಯಥೆಯೂ: ಒಂದು ಚಾರಿತ್ರಿಕ ವಿವೇಚನೆ

ಕೋಡ್ಲಾ ಗ್ರಾಮವು ಸೇಡಂ ತಾಲ್ಲೂಕಿಗೆ ಸೇರಿದುದು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವೂ, ಎಂದರೆ ಮಳಖೇಡವೂ, ಅದೇ ತಾಲ್ಲೂಕಿನಲ್ಲಿದೆ. ಈ ಸೀಮೆಯ ನೆಲದಡಿಯಲ್ಲಿ ಪದರಪದರವಾಗಿ ಹಾಸಿಕೊಂಡಿರುವ ಸುಣ್ಣಕಲ್ಲೇ ಶಹಾಬಾದಿನ ಹೆಸರಿನಿಂದ ಪ್ರಸಿದ್ಧವಾದ ಫರಸಿ. ಹಾರೆಯಿಂದ ಮೀಟಿ, ಬಗ್ಗಿ ಎತ್ತಿ, ಹೊತ್ತು ಸಾಗಿಸುವ ಈ ಕಸುಬಿನ ಭಾರವೆಲ್ಲವೂ ಟೊಂಕದ ಮೇಲೆ ಬೀಳುವುದು. ಆದುದರಿಂದ ಬಹುಕಾಲದ ಬೆನ್ನುಬೇನೆಯು ದೇಹದ್ದೋ ಮನಸ್ಸಿನದ್ದೋ ಎಂಬ ಪ್ರಶ್ನೆಯು ಇಲ್ಲಿ ಬರಿಯ ಶಾಸ್ತ್ರಜಿಜ್ಞಾಸೆಯಲ್ಲ. ಅನ್ನದ ಪ್ರಶ್ನೆಯೂ ಹೌದು.

ನಮ್ಮ ಪ್ರಾಚೀನರು ಇವೆರಡನ್ನೂ ಬೇರ್ಪಡಿಸಿರಲಿಲ್ಲ. ಚರಕಸಂಹಿತೆಯು ವಾತವ್ಯಾಧಿಯ ಕಾರಣಗಳನ್ನು ಎಣಿಸುವಲ್ಲಿ ಅತಿಶ್ರಮದೊಡನೆ ಚಿಂತೆಯನ್ನೂ ಶೋಕವನ್ನೂ ಹೇಳುತ್ತದೆ. ಕನ್ನಡ ನುಡಿಯ ಸಾಕ್ಷ್ಯವೂ ಅದೇ. ‘ನೋವು’ ಎಂಬ ಒಂದೇ ಪದವು ಒಡಲಿಗೂ ಮನಸ್ಸಿಗೂ ಸಲ್ಲುವುದು. ‘ಟೊಂಕಕಟ್ಟಿ ನಿಲ್ಲು’ ಎಂದರೆ ಮನಸ್ಸನ್ನು ಗಟ್ಟಿಮಾಡಿಕೊಳ್ಳುವುದೆಂದೇ ಅರ್ಥ.

ಪಾಶ್ಚಾತ್ಯರಲ್ಲಿ ಈ ವಿವಾದವನ್ನು ಎಬ್ಬಿಸಿದುದು ರೈಲು. ರೈಲು ಅಪಘಾತಗಳಲ್ಲಿ ಹೊರಗಾಯವಿಲ್ಲದೆಯೂ ಬೆನ್ನುನೋವಿನಿಂದ ನರಳುವವರನ್ನು ಕಂಡು, ಲಂಡನ್ನಿನ ಶಸ್ತ್ರವೈದ್ಯನಾದ ಎರಿಕ್‌ಸನ್ನನು ಬೆನ್ನುಹುರಿಗೆ ತಗುಲಿದ ಆಘಾತವೇ ಕಾರಣವೆಂದು 1866ರಲ್ಲಿ ವಾದಿಸಿದನು. ರೈಲ್ವೆ ಕಂಪನಿಯೊಂದರ ಶಸ್ತ್ರವೈದ್ಯನಾಗಿದ್ದ ಹರ್ಬರ್ಟ್ ಪೇಜನು 1883ರಲ್ಲಿ, ಭೀತಿಯೇ ಮುಖ್ಯ ಕಾರಣವೆಂದು ಪ್ರತಿವಾದಿಸಿದನು. ಪರಿಹಾರಧನದ ಪ್ರಶ್ನೆಯೂ ಈ ವಿವಾದದೊಡನೆ ಹೆಣೆದುಕೊಂಡಿದ್ದಿತು. ಈ ವಾದಗಳ ನಡುಗಾಲದಲ್ಲಿಯೇ, 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲುಮಾರ್ಗವು ತೆರೆಯಿತು.

1934ರಲ್ಲಿ ಅಮೆರಿಕದ ಮಿಕ್ಸ್‌ಟರ್ ಮತ್ತು ಬಾರ್ ಎಂಬ ವೈದ್ಯರು, ಬೆನ್ನೆಲುಬಿನ ನಡುವಣ ಬಿಲ್ಲೆಯು ಹೊರಚಾಚಿ ನರವನ್ನು ಒತ್ತುವುದೆಂದು ತೋರಿಸಿದ ಮೇಲೆ ಮನಸ್ಸಿನ ವಿಚಾರವು ಹಿಂದೆ ಸರಿಯಿತು. ಆದರೆ 1994ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಬೆನ್ನುನೋವೇ ಇಲ್ಲದ 98 ಮಂದಿಯ ಪೈಕಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಉಬ್ಬಿದ ಬಿಲ್ಲೆ ಕಂಡುಬಂದಿತು. ಕಾಣುವ ವಿಕಾರಕ್ಕೂ ಅನುಭವಿಸುವ ನೋವಿಗೂ ನೇರವಾದ ಅಳತೆಯಿಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ.

ಸ್ಕಾಟ್ಲೆಂಡಿನ ಮೂಳೆವೈದ್ಯ ಗಾರ್ಡನ್ ವ್ಯಾಡೆಲನು 1984 ಮತ್ತು 1987ರ ಲೇಖನಗಳಲ್ಲಿ ನೋವು, ಮನೋವ್ಯಥೆ, ಅಶಕ್ತತೆಗಳನ್ನು ಬೇರೆಬೇರೆಯಾಗಿ ಅಳೆದು, ಅವುಗಳ ಸಂಬಂಧವನ್ನು ನಿರೂಪಿಸಿದನು. ನೋವಿನ ಭಯದಿಂದ ಚಲನೆ ತಗ್ಗುವುದು. ಚಲನೆ ತಗ್ಗಿದರೆ ಸ್ನಾಯುಗಳು ಸೊರಗುವುವು. ಕೆಲಸ ತಪ್ಪಿ ಸಾಲ ಬೆಳೆಯಲು ಖಿನ್ನತೆ ಕವಿಯುವುದು. ಖಿನ್ನತೆಯಿಂದ ನೋವು ಮತ್ತೂ ದುಸ್ಸಹವಾಗುವುದು. ಮೊದಲಿನ ವ್ಯಥೆಯು ನೋವು ಬೇರೂರುವುದರ ಮುನ್ಸೂಚನೆಯೆಂದು 2002ರ ಸಮೀಕ್ಷೆಯೊಂದು ಹಿಂದಿನ ಅಧ್ಯಯನಗಳನ್ನು ಪರಿಶೀಲಿಸಿ ನಿರ್ಣಯಿಸಿತು.

ಇಲ್ಲಿ ಒಂದು ಅಪಾಯವುಂಟು. ವ್ಯಾಡೆಲನು 1980ರಲ್ಲಿ ಸೂಚಿಸಿದ್ದ ಪರೀಕ್ಷಾಲಕ್ಷಣಗಳನ್ನು ಕಪಟವನ್ನು ಬಯಲಿಗೆಳೆಯುವ ಸಾಧನವಾಗಿ ಕೆಲವರು ಬಳಸತೊಡಗಿದರು; ಅದು ತಪ್ಪೆಂದು 1998ರಲ್ಲಿ ಅವನೂ ಅವನ ಸಹೋದ್ಯೋಗಿಯೂ ಎಚ್ಚರಿಸಬೇಕಾಯಿತು. ಬ್ರಿಟಿಷ್ ಇಂಡಿಯಾದ 1923ರ ಕಾರ್ಮಿಕ ಪರಿಹಾರ ಕಾಯಿದೆಯು ಕೈ, ಬೆರಳು, ಕಣ್ಣುಗಳ ನಷ್ಟಕ್ಕೆ ಪ್ರಮಾಣವನ್ನು ಪಟ್ಟಿಮಾಡಿತು. ಟೊಂಕನೋವಿಗೆ ಆ ಪಟ್ಟಿಯಲ್ಲಿ ಸ್ಥಾನವಿರಲಿಲ್ಲ. ಕಣ್ಣಿಗೆ ಕಾಣದ ನೋವನ್ನು ಮನಸ್ಸಿನದೆಂದು ಕರೆದು ತಳ್ಳಿಹಾಕುವುದು ಎಷ್ಟು ಸುಲಭವೆಂಬುದಕ್ಕೆ ಪೇಜನ ಕಾಲದಿಂದಲೂ ನಿದರ್ಶನಗಳಿವೆ. ಮನೋವ್ಯಥೆಯು ಬೇನೆಯನ್ನು ಬೆಳೆಸುವುದೆಂಬ ಮಾತು, ಬೇನೆಯು ಸುಳ್ಳೆಂಬ ಮಾತಲ್ಲ. ಕಲ್ಲು ಎತ್ತುವವನ ಬೆನ್ನಿಗೆ ಚಿಕಿತ್ಸೆಯೂ ಅವನ ಚಿಂತೆಗೆ ಪರಿಹಾರವೂ ಜೊತೆಯಾಗಿಯೇ ಸಲ್ಲಬೇಕೆಂಬುದೇ ಈ ಚರಿತ್ರೆಯಿಂದ ಏರ್ಪಡುವ ಸಿದ್ಧಾಂತವು.