ಮೂಗಿನಲ್ಲೊಂದು ಗಡ್ಡೆ, ಮೈಯೆಲ್ಲ ತಪಾಸಣೆ

ಮೂಗು ಕಟ್ಟುತ್ತದೆ, ಆಗಾಗ ರಕ್ತ ಸೋರುತ್ತದೆ, ಕೆಲವೊಮ್ಮೆ ಒಂದು ಬದಿಯ ಕೆನ್ನೆ ಊದಿಕೊಳ್ಳುತ್ತದೆ. ಇಂಥ ತೊಂದರೆ ಹೇಳಿಕೊಂಡು ಇಎನ್‌ಟಿ ವೈದ್ಯರ ಬಳಿಗೆ ಬರುವವರಲ್ಲಿ ಬಹುಪಾಲು ಜನರಿಗೆ ಇರುವುದು ಅಲರ್ಜಿ, ಪಾಲಿಪ್ ಅಥವಾ ಸೈನಸ್ ಸೋಂಕು. ಮುಟ್ಟಿದರೆ ರಕ್ತ ಸುರಿಸುವ ಕೆಂಪು ಗಂಟು ಕಂಡರೆ ನಮ್ಮ ದೇಶದ ವೈದ್ಯರಿಗೆ ರೈನೋಸ್ಪೊರಿಡಿಯೋಸಿಸ್ ಎಂಬ ಸೋಂಕು ನೆನಪಾಗುವುದೂ ಸಹಜವೇ. ಬಹಳ ಅಪರೂಪಕ್ಕೆ ಆ ಗಂಟು ಪ್ಲಾಸ್ಮಾ ಕಣಗಳ ಗಡ್ಡೆಯಾಗಿರುತ್ತದೆ. ಮೂಳೆಮಜ್ಜೆಯ ಹೊರಗೆ, ಮೃದು ಅಂಗಾಂಶದಲ್ಲಿ ಬೆಳೆಯುವ ಇದನ್ನು ಎಕ್ಸ್‌ಟ್ರಾಮೆಡುಲ್ಲರಿ ಪ್ಲಾಸ್ಮಸೈಟೋಮಾ ಎನ್ನುತ್ತಾರೆ. ಪ್ಲಾಸ್ಮಾ ಕಣಗಳ ಗಡ್ಡೆಗಳಲ್ಲೆಲ್ಲ ಇದರ ಪಾಲು ಶೇ. 3ರಿಂದ 5 ಮಾತ್ರ. ಆದರೆ ಹಾಗೆ ಬಂದದ್ದರಲ್ಲಿ ಸುಮಾರು ಶೇ. 80ರಷ್ಟು ತಲೆ ಮತ್ತು ಕುತ್ತಿಗೆಯ ಭಾಗದಲ್ಲೇ ಕಾಣಿಸಿಕೊಳ್ಳುತ್ತದೆ. ಮೂಗು, ಸೈನಸ್ ಮತ್ತು ಮೂಗಿನ ಹಿಂಬದಿಯ ಗಂಟಲು ಅದರ ಮುಖ್ಯ ನೆಲೆಗಳು. ರೋಗಿಗಳಲ್ಲಿ ಮಧ್ಯವಯಸ್ಸು ದಾಟಿದ ಗಂಡಸರೇ ಹೆಚ್ಚು.

ಪತ್ತೆ ಕಷ್ಟವಾಗಲು ಅಪರೂಪ ಎಂಬುದೊಂದೇ ಕಾರಣವಲ್ಲ. ಪ್ಲಾಸ್ಮಾ ಕಣ ಮೂಗಿನ ಒಳಪದರಕ್ಕೆ ಹೊರಗಿನದೇನೂ ಅಲ್ಲ. ಪ್ರತಿಕಾಯ ತಯಾರಿಸಿ ಸೋಂಕನ್ನು ಎದುರಿಸಲು ಅದು ಸದಾ ಅಲ್ಲಿರುತ್ತದೆ. ಸೋಂಕು ಹಳೆಯದಾದಷ್ಟೂ ಗುಂಪುಗೂಡುತ್ತದೆ. ಹಾಗಾಗಿ ಸೂಕ್ಷ್ಮದರ್ಶಕದಲ್ಲಿ ರಾಶಿ ಪ್ಲಾಸ್ಮಾ ಕಣಗಳು ಕಂಡ ಮಾತ್ರಕ್ಕೆ ಕ್ಯಾನ್ಸರ್ ಎನ್ನಲಾಗದು. ಈ ರೋಗನಿರ್ಣಯದ ನೂರಿಪ್ಪತ್ತು ವರ್ಷಗಳ ಚರಿತ್ರೆಯನ್ನು ನಾನು ಮೂರು ಪ್ರಶ್ನೆಗಳ ಚರಿತ್ರೆಯಾಗಿ ಓದುತ್ತೇನೆ. ಇದು ಯಾವ ಕಣ? ಇವೆಲ್ಲ ಒಂದೇ ಕಣದ ಸಂತತಿಯೇ? ರೋಗ ಇಲ್ಲಿ ಮಾತ್ರ ಇದೆಯೇ?

ಮೊದಲ ಪ್ರಶ್ನೆಗೆ ಬಣ್ಣ ಮತ್ತು ಮಸೂರ ಸಾಕಾಯಿತು. 1890ರ ದಶಕದಲ್ಲಿ ಸ್ಪೇನಿನ ರಾಮೊನ್ ಇ ಕಹಾಲ್, ಜರ್ಮನಿಯ ಉನ್ನಾ, ಹಂಗೇರಿಯ ಮಾರ್ಶಾಲ್ಕೊ ಈ ಕಣದ ಚಹರೆಯನ್ನು ಗುರುತಿಸಿಕೊಟ್ಟರು. ಒಂದು ಪಕ್ಕಕ್ಕೆ ಸರಿದ ಕೇಂದ್ರ, ಅದರೊಳಗೆ ಗಡಿಯಾರದ ಮುಖದ ಅಂಕಿಗಳಂತೆ ಜೋಡಿಸಿದ ಕ್ರೊಮ್ಯಾಟಿನ್ ತುಣುಕುಗಳು, ಪಕ್ಕದಲ್ಲೊಂದು ತಿಳಿ ವಲಯ. 1905ರಲ್ಲಿ ಶ್ರಿಡ್ಡೆ ಮೂಳೆಮಜ್ಜೆಯ ಹೊರಗಿನ ಪ್ಲಾಸ್ಮಸೈಟೋಮಾವನ್ನು ವರ್ಣಿಸಿದರು. ಈ ಕಣದ ಕೆಲಸವೇ ಪ್ರತಿಕಾಯ ತಯಾರಿಕೆ ಎಂಬುದನ್ನು ಸ್ವೀಡನ್ನಿನ ಆಸ್ಟ್ರಿಡ್ ಫಾಗ್ರೇಯಸ್ ತೋರಿಸಿಕೊಟ್ಟದ್ದು 1948ರಲ್ಲಿ.

ಎರಡನೆಯ ಪ್ರಶ್ನೆಗೆ ದಾರಿ ತೆರೆದದ್ದು ಮೈಲೋಮಾದ, ಅಂದರೆ ಮೂಳೆಮಜ್ಜೆಯಲ್ಲಿ ಹಬ್ಬುವ ಪ್ಲಾಸ್ಮಾ ಕಣಗಳ ಕ್ಯಾನ್ಸರಿನ, ಅಧ್ಯಯನ. 1840ರ ದಶಕದಲ್ಲಿ ಲಂಡನ್ನಿನ ಹೆನ್ರಿ ಬೆನ್ಸ್ ಜೋನ್ಸ್ ಒಬ್ಬ ರೋಗಿಯ ಮೂತ್ರದಲ್ಲಿ ವಿಚಿತ್ರವಾಗಿ ವರ್ತಿಸುವ ಪ್ರೋಟೀನೊಂದನ್ನು ಕಂಡಿದ್ದರು. ಅದು ಪ್ರತಿಕಾಯದ ಒಂದು ಭಾಗವಾದ ಲೈಟ್ ಚೈನ್ ಎಂಬುದನ್ನು ಎಡೆಲ್ಮನ್ ಮತ್ತು ಗ್ಯಾಲಿ ಖಚಿತಪಡಿಸಿದ್ದು 1962ರಲ್ಲಿ, ನೂರು ವರ್ಷಗಳಿಗೂ ಹೆಚ್ಚು ಕಾಲದ ಬಳಿಕ. ಲೈಟ್ ಚೈನ್‌ಗಳಲ್ಲಿ ಕಪ್ಪಾ, ಲ್ಯಾಂಬ್ಡಾ ಎಂದು ಎರಡು ಬಗೆ. ಒಂದು ಪ್ಲಾಸ್ಮಾ ಕಣ ಎರಡರಲ್ಲಿ ಒಂದನ್ನು ಮಾತ್ರ ತಯಾರಿಸುತ್ತದೆ. ಸೋಂಕಿಗೆ ಸೇರಿದ ಗುಂಪಿನಲ್ಲಿ ಎರಡೂ ಬಗೆಯವು ಬೆರೆತಿರುತ್ತವೆ, ಸಾಮಾನ್ಯವಾಗಿ ಎರಡು ಕಪ್ಪಾಕ್ಕೆ ಒಂದು ಲ್ಯಾಂಬ್ಡಾ. ಒಂದೇ ಕಣದಿಂದ ಹುಟ್ಟಿ ಬೆಳೆದ ಗಡ್ಡೆಯಲ್ಲಾದರೋ ಎಲ್ಲವೂ ಒಂದೇ ಬಗೆ.

ತತ್ತ್ವ ಸಿಕ್ಕಿತು, ಆದರೆ ಮೂಗಿನ ಗಡ್ಡೆಗೆ ಅದನ್ನು ಅನ್ವಯಿಸುವುದು ಹೇಗೆ? ಮೈಲೋಮಾದಲ್ಲಿ ರಕ್ತದ ಎಲೆಕ್ಟ್ರೊಫೊರೆಸಿಸ್ ಮಾಡಿದರೆ ಅಸಹಜ ಪ್ರೋಟೀನು ಚೂಪಾದ ಶಿಖರವಾಗಿ ಎದ್ದು ಕಾಣುತ್ತದೆ. ಮೂಗಿನ ಗಡ್ಡೆ ಚಿಕ್ಕದು, ಬಹುತೇಕ ರೋಗಿಗಳ ರಕ್ತದಲ್ಲಿ ಅದರ ಸುಳಿವೇ ಇರದು. ಅಂಗಾಂಶದೊಳಗೇ ನೋಡಬೇಕಿತ್ತು. 1974ರಲ್ಲಿ ಆಕ್ಸ್‌ಫರ್ಡ್‌ನ ಕ್ಲೈವ್ ಟೇಲರ್ ಮತ್ತು ಬರ್ನ್ಸ್, ಫಾರ್ಮಲಿನ್‌ನಲ್ಲಿಟ್ಟು ಮೇಣದಲ್ಲಿ ಹುದುಗಿಸಿದ ಮಾಮೂಲಿ ಬಯಾಪ್ಸಿ ತುಣುಕಿನಲ್ಲೇ ಪ್ಲಾಸ್ಮಾ ಕಣದೊಳಗಿನ ಪ್ರತಿಕಾಯಕ್ಕೆ ಬಣ್ಣ ಹಿಡಿಸಿ ತೋರಿಸಿದರು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ದೊಡ್ಡ ತಿರುವು ಇದೇ. ಯಾವ ಸ್ಕ್ಯಾನಿಂಗ್ ಯಂತ್ರವೂ ಇಷ್ಟು ಬದಲಾವಣೆ ತರಲಿಲ್ಲ. ವಿಶೇಷ ಶೈತ್ಯೀಕರಣ ಬೇಕಿಲ್ಲ. ಕಪಾಟಿನಲ್ಲಿ ವರ್ಷಗಟ್ಟಲೆ ಇದ್ದ ಬ್ಲಾಕ್‌ಗಳನ್ನೂ ತೆಗೆದು ಮತ್ತೆ ಪ್ರಶ್ನಿಸಬಹುದು. ಈ ಬಣ್ಣಪರೀಕ್ಷೆ, ಅಂದರೆ ಇಮ್ಯುನೋಹಿಸ್ಟೊಕೆಮಿಸ್ಟ್ರಿ, ನಮ್ಮ ಜಿಲ್ಲಾ ಮಟ್ಟದ ಎಲ್ಲ ಪ್ರಯೋಗಾಲಯಗಳಲ್ಲಿ ಇಲ್ಲ. ಆದರೂ ಮೇಣದ ಬ್ಲಾಕ್ ಕೆಡದೆ ದೊಡ್ಡ ಕೇಂದ್ರಕ್ಕೆ ತಲುಪಬಲ್ಲದು ಎಂಬುದರಿಂದಲೇ ಊರಿನ ಆಸ್ಪತ್ರೆಯ ರೋಗಿಗೂ ಸರಿಯಾದ ಉತ್ತರ ಸಿಗುವ ಅವಕಾಶವಿದೆ. ಮರುವರ್ಷ, 1975ರಲ್ಲಿ, ಕ್ಯೋಲರ್ ಮತ್ತು ಮಿಲ್‌ಸ್ಟೈನ್, ಇಂಥ ಬಣ್ಣಪರೀಕ್ಷೆಗೆ ಒದಗುವ ಮಾನೊಕ್ಲೋನಲ್ ಪ್ರತಿಕಾಯಗಳನ್ನು ತಯಾರಿಸಿದರು. ಅದಕ್ಕೆ ಬಳಸಿದ್ದು ಇಲಿಯ ಮೈಲೋಮಾ ಕಣಗಳನ್ನೇ. ಪ್ಲಾಸ್ಮಾ ಕಣದ ಕ್ಯಾನ್ಸರೇ ಕ್ಯಾನ್ಸರ್ ಪತ್ತೆಯ ಸಾಧನವನ್ನು ಒದಗಿಸಿತು.

ಆಮೇಲೆ ಸಿಡಿ138, ಸಿಡಿ38, ಎಂಯುಎಂ1 ಎಂಬ ಗುರುತುಗಳು ಬಂದವು. ಅವುಗಳ ಜೊತೆಗೇ ಮೋಸ ಹೋಗುವ ದಾರಿಗಳೂ ಬಂದವು. ಸಿಡಿ138 ಪ್ಲಾಸ್ಮಾ ಕಣಕ್ಕೆ ಮೀಸಲಲ್ಲ, ಹಲವು ಕಾರ್ಸಿನೋಮಾಗಳಲ್ಲೂ ಬಣ್ಣ ಹಿಡಿಯುತ್ತದೆ. ಸಿಡಿ56 ಎಂಬ ಇನ್ನೊಂದು ಗುರುತು ಘ್ರಾಣನರದ ನ್ಯೂರೋಬ್ಲಾಸ್ಟೋಮಾದಲ್ಲೂ ಮೂಗಿನ ಎನ್‌ಕೆ/ಟಿ ಲಿಂಫೋಮಾದಲ್ಲೂ ಸಿಗುತ್ತದೆ. 1997ರಲ್ಲಿ, ಹೆಚ್ಚಾಗಿ ಎಚ್‌ಐವಿ ಸೋಂಕಿತರ ಬಾಯಿಯಲ್ಲಿ ಕಂಡ ಪ್ಲಾಸ್ಮಾಬ್ಲಾಸ್ಟಿಕ್ ಲಿಂಫೋಮಾ ಪ್ರತ್ಯೇಕ ರೋಗವಾಗಿ ವರದಿಯಾಯಿತು. ನೋಟದಲ್ಲಿ ಹತ್ತಿರದ್ದಾದರೂ ಅದು ಬಹಳ ಉಗ್ರ ರೋಗ, ಚಿಕಿತ್ಸೆಯೂ ಬೇರೆ. ಆದ್ದರಿಂದ ಒಂದು ಬಣ್ಣವನ್ನು ನಂಬಿ ವರದಿ ಬರೆಯುವುದು ಅಪಾಯ.

ಇಷ್ಟೆಲ್ಲ ಪರೀಕ್ಷೆಗಳಿದ್ದರೂ ತುಣುಕೇ ಸರಿಯಿಲ್ಲದಿದ್ದರೆ ಪ್ರಯೋಜನವಿಲ್ಲ. ಗಡ್ಡೆ ಬೆಳೆಯುವುದು ಒಳಪದರದ ಅಡಿಯಲ್ಲಿ. ಮೇಲುಮೇಲೆ ಚಿವುಟಿ ತೆಗೆದರೆ ಸಿಗುವುದು ಉರಿಯೂತದ ಪದರ. ‘ದೀರ್ಘಕಾಲದ ಉರಿಯೂತ’ ಎಂಬ ವರದಿ ಬರುತ್ತದೆ, ತಿಂಗಳುಗಳು ಕಳೆಯುತ್ತವೆ. ಹಾಪ್ಕಿನ್ಸ್ ಮಸೂರದ ಎಂಡೋಸ್ಕೋಪು, ಆಸ್ಟ್ರಿಯಾದ ಗ್ರಾಟ್ಸ್‌ನ ಮೆಸೆರ್‌ಕ್ಲಿಂಗರ್ ರೂಢಿಗೆ ತಂದ ಪರೀಕ್ಷಾ ಕ್ರಮ ಇವುಗಳಿಂದ ಕಣ್ಣಾರೆ ಕಂಡು ಆಳದ ತುಣುಕು ತೆಗೆಯಲು ಸಾಧ್ಯವಾಯಿತು. ರಕ್ತನಾಳಗಳು ತುಂಬಿದ ಗಡ್ಡೆಯಾದ್ದರಿಂದ ಮೊದಲು ಸ್ಕ್ಯಾನ್, ಆಮೇಲೆ ಬಯಾಪ್ಸಿ ಎಂಬ ಕ್ರಮ ಒಳ್ಳೆಯದು. ಸಿಟಿ ಮೂಳೆ ಸವೆದದ್ದನ್ನು ತೋರಿಸುತ್ತದೆ. ಎಂಆರ್‌ಐ ಗಡ್ಡೆಯನ್ನೂ ಸೈನಸ್‌ನಲ್ಲಿ ನಿಂತ ಲೋಳೆಯನ್ನೂ ಬೇರ್ಪಡಿಸುತ್ತದೆ.

ಮೂರನೆಯ ಪ್ರಶ್ನೆಗೆ ಉತ್ತರ ಮೂಗಿನಲ್ಲಿಲ್ಲ. ಇದೇ ಗಡ್ಡೆ ಮೈಲೋಮಾದ ಒಂದು ತುದಿಯೂ ಆಗಿರಬಹುದು. ಹಳೆಯ ವರದಿಗಳು ಕೆಲವು ಎಕ್ಸ್‌ರೇ ನೋಡಿ ‘ಒಂಟಿ ಗಡ್ಡೆ’ ಎಂದು ತೀರ್ಮಾನಿಸುತ್ತಿದ್ದವು. ಮೂಳೆಯ ಖನಿಜಾಂಶದಲ್ಲಿ ಸಾಕಷ್ಟು ಭಾಗ ಕರಗುವವರೆಗೆ ಎಕ್ಸ್‌ರೇ ಏನನ್ನೂ ತೋರಿಸದು. ಹಾಗಾಗಿ ಆ ಕಾಲದ ಅಂಕಿಗಳಲ್ಲಿ ಅಡಗಿದ್ದ ಮೈಲೋಮಾಗಳೂ ಸೇರಿರಬೇಕೆಂಬುದು ನನ್ನ ಅನಿಸಿಕೆ. 1976ರಲ್ಲಿ ಈವ್ ವಿಲ್ಟ್‌ಶಾ ಈ ಗಡ್ಡೆಯ ಸಹಜ ಗತಿಯನ್ನೂ ಮೈಲೋಮಾದೊಂದಿಗಿನ ಸಂಬಂಧವನ್ನೂ ವಿವರವಾಗಿ ಪರಿಶೀಲಿಸಿದರು. 1999ರಲ್ಲಿ ಜರ್ಮನಿಯ ಅಲೆಕ್ಸಿಯು ಮತ್ತು ಸಂಗಡಿಗರು 1905ರಿಂದ ಪ್ರಕಟವಾದ 400ಕ್ಕೂ ಹೆಚ್ಚು ಬರಹಗಳನ್ನು ಜಾಲಾಡಿದರು: 714 ಪ್ರಕರಣಗಳು ಮೂಗು-ಗಂಟಲಿನ ಮಾರ್ಗದಲ್ಲಿ, 155 ದೇಹದ ಉಳಿದೆಡೆ.

ಅಂತರರಾಷ್ಟ್ರೀಯ ಮೈಲೋಮಾ ಕಾರ್ಯತಂಡ 2003ರಲ್ಲಿ ‘ಒಂಟಿ ಗಡ್ಡೆ’ ಎನ್ನಲು ಮಾನದಂಡ ರೂಪಿಸಿ, 2014ರಲ್ಲಿ ಬಿಗಿಗೊಳಿಸಿತು. ಬಯಾಪ್ಸಿಯಲ್ಲಿ ರೋಗ ಸಾಬೀತಾಗಬೇಕು. ಮೂಳೆಮಜ್ಜೆಯಲ್ಲಿ ಅದೇ ಸಂತತಿಯ ಕಣಗಳಿರಬಾರದು. ಬೇರೆಲ್ಲೂ ಮೂಳೆ ಕೊರೆದಿರಬಾರದು. ಕ್ಯಾಲ್ಸಿಯಂ ಏರಿಕೆ, ಮೂತ್ರಪಿಂಡದ ತೊಂದರೆ, ರಕ್ತಹೀನತೆ ಈ ರೋಗದಿಂದ ಬಂದಿರಬಾರದು. ಮಜ್ಜೆಯಲ್ಲಿ ಅಂಥ ಕಣಗಳು ಇದ್ದೂ ಶೇ. 10ಕ್ಕಿಂತ ಕಡಿಮೆಯಾಗಿದ್ದರೆ ಅದಕ್ಕೊಂದು ಪ್ರತ್ಯೇಕ ವರ್ಗ. 2001ರಿಂದ ಬಳಕೆಗೆ ಬಂದ ಫ್ರೀ ಲೈಟ್ ಚೈನ್ ರಕ್ತಪರೀಕ್ಷೆ ಮತ್ತು ಪೆಟ್-ಸಿಟಿ ಈ ಹುಡುಕಾಟವನ್ನು ಸೂಕ್ಷ್ಮಗೊಳಿಸಿವೆ.

ಇಷ್ಟು ಶ್ರಮಕ್ಕೆ ಕಾರಣ ಚಿಕಿತ್ಸೆ. ನಿಜಕ್ಕೂ ಒಂಟಿಯಾದ ಗಡ್ಡೆ ವಿಕಿರಣಕ್ಕೆ ಚೆನ್ನಾಗಿ ಕರಗುತ್ತದೆ. 40ರಿಂದ 50 ಗ್ರೇ ಪ್ರಮಾಣ ಸಾಮಾನ್ಯವಾಗಿ ಸಾಕು. ಮೈಲೋಮಾ ಇದ್ದರೆ ಇಡೀ ದೇಹಕ್ಕೆ ಔಷಧ ಬೇಕು. ಅಲೆಕ್ಸಿಯು ತಂಡದ ಲೆಕ್ಕದಲ್ಲಿ ಮೂಗು-ಗಂಟಲಿನ ರೋಗಿಗಳಲ್ಲಿ ಶೇ. 16ರಷ್ಟು ಮಂದಿಗೆ ಮುಂದೆ ಮೈಲೋಮಾ ಬಂದಿತ್ತು. ಆದ್ದರಿಂದ ಮೂಗು ಪೂರ್ತಿ ಸರಿಹೋದ ಮೇಲೂ ರಕ್ತ, ಮೂತ್ರ ಮತ್ತು ಮೂಳೆಗಳ ಪರೀಕ್ಷೆ ವರ್ಷಗಟ್ಟಲೆ ನಡೆಯಬೇಕು. ರೋಗಿಯನ್ನು ಇಎನ್‌ಟಿ ವೈದ್ಯರೊಂದಿಗೆ ರಕ್ತರೋಗ ತಜ್ಞರೂ ನೋಡುತ್ತಿರಬೇಕು.