ಹಳಿಯೂ ಕಂದಾಯವೂ

ಅಜ್ಜಂಪುರದ ನಿಲ್ದಾಣದಲ್ಲಿ ಮೀಟರ್‌ಗೇಜ್ ಗಾಡಿಗಾಗಿ ಕಾಯುತ್ತಿದ್ದಾಗ ನನ್ನ ತಾತ ಒಮ್ಮೆ ಆಡಿದ ಮಾತು ಇಂದಿಗೂ ಕಿವಿಯಲ್ಲಿದೆ: “ರೈಲು ಎಲ್ಲರ ಕಣ್ಣಿಗೂ ಬೀಳ್ತದೆ ಮಗಾ, ಕಂದಾಯ ಕಟ್ಟಿದೋನು ಯಾರ ಕಣ್ಣಿಗೂ ಬೀಳೋದಿಲ್ಲ.” ಬಾಲಕನಾದ ನನಗೆ ಅದು ಮುದುಕರ ಗೊಣಗಾಟವೆನಿಸಿತ್ತು. ಮೈಸೂರು ಸಂಸ್ಥಾನದ ಚರಿತ್ರೆಯನ್ನು ಓದಿದ ಮೇಲೆ, ಅದರ ಹಿಂದೆ ಹಳೆಯದೊಂದು ಪ್ರಶ್ನೆಯಿದೆಯೆಂದು ತಿಳಿಯಿತು.

1876–78ರ ಧಾತು ಈಶ್ವರ ಬರ ಸಂಸ್ಥಾನವನ್ನು ನುಂಗಿತು. 1871ರಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಆ ವರ್ಷ ಆಡಳಿತ ಒಡೆಯರಿಗೆ ಮರಳಿದಾಗ, ಬ್ರಿಟಿಷ್ ಸರ್ಕಾರಕ್ಕೆ 80 ಲಕ್ಷ ರೂಪಾಯಿಗಳ ಸಾಲವೂ ಜೊತೆಗೆ ಬಂದಿತು. ರೈಲಿದ್ದರೆ ಹಸಿದ ಸೀಮೆಗೆ ಕಾಳು ತಲುಪೀತು ಎಂಬ ವಾದ ಸುಳ್ಳಲ್ಲ. ಆದರೆ ಹಳಿಗೆ ಹಣ ಬರಬೇಕಾದದ್ದು ಬರದಿಂದ ಬದುಕುಳಿದ ರೈತನ ಕಂದಾಯದಿಂದಲೇ.

1881ರ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. 144 ಮಂದಿ ಸದಸ್ಯರು. ತಾಲ್ಲೂಕಿಗೆ ಒಬ್ಬಿಬ್ಬರಂತೆ ಬೇಸಾಯಗಾರರು. ಅಹವಾಲು ಹೇಳಬಹುದಿತ್ತು, ಮತ ಹಾಕುವಂತಿರಲಿಲ್ಲ. 1886ರಲ್ಲಿ ಸಂಸ್ಥಾನದ ರೈಲುಮಾರ್ಗವು ಸದರ್ನ್ ಮರಾಠಾ ರೈಲ್ವೆ ಕಂಪೆನಿಯ ಕೈ ಸೇರಿತು. ಇಂಗ್ಲೆಂಡಿನಲ್ಲಿ ಸುಮಾರು 12 ಲಕ್ಷ ಪೌಂಡುಗಳ ಸಾಲವೆತ್ತಲಾಯಿತು. ಬಡ್ಡಿಯ ಹೊಣೆ ಮೈಸೂರಿನ ಬೊಕ್ಕಸದ್ದು. ಕಡೂರು, ಬೀರೂರು, ಅಜ್ಜಂಪುರಗಳ ಮೇಲೆ ಹಾದು 1889ರಲ್ಲಿ ಹಳಿ ಹರಿಹರ ಮುಟ್ಟಿತು. 1899ರಲ್ಲಿ ಬೀರೂರಿನಿಂದ ತರೀಕೆರೆಯ ಮೂಲಕ ಶಿವಮೊಗ್ಗಕ್ಕೆ ಕವಲು ಒಡೆಯಿತು.

ಹಳಿಯ ಹತ್ತಿರದ ಊರುಗಳು ಪೇಟೆಗಳಾದವು. ದೂರದ ಹಳ್ಳಿಯ ರೈತನ ಪಾಲಿಗೆ ಉಳಿದದ್ದು ಕಂದಾಯ. ನೆರೆಯ ಮದ್ರಾಸ್ ಪ್ರಾಂತದ ತಂಜಾವೂರು ಜಿಲ್ಲಾ ಬೋರ್ಡು ಭೂಮಿಯ ಮೇಲೆ ರೈಲ್ವೆ ಸೆಸ್ಸು ಹಾಕಿ ಸ್ವಂತ ಮಾರ್ಗವನ್ನೇ ಕಟ್ಟಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912–18ರ ಅವಧಿಯಲ್ಲಿ ಮೈಸೂರಿನ ಜಿಲ್ಲೆಗಳಿಗೂ ಆ ದಾರಿ ತೆರೆಯಿತು. ಈ ಬಗೆಯ ಸೆಸ್ಸಿನಲ್ಲಿ ಒಂದು ತೊಡಕು ಹುಟ್ಟಿನಿಂದಲೇ ಇದೆ. ಅದು ಹೊಲವನ್ನು ಅಳೆಯುತ್ತದೆ, ಹೊಲದಿಂದ ನಿಲ್ದಾಣಕ್ಕಿರುವ ದೂರವನ್ನು ಅಳೆಯುವುದಿಲ್ಲ. ಗಾಡಿಯ ಸದ್ದು ಕೇಳದವನೂ ಗಾಡಿ ಹತ್ತುವವನಷ್ಟೇ ಕೊಡಬೇಕು.

ಇದನ್ನು ಪ್ರಶ್ನಿಸಿದವರನ್ನು ಪ್ರಗತಿಯ ವಿರೋಧಿಗಳೆಂದು ಕರೆಯುವುದು ಸುಲಭ. ನನಗೆ ಹಾಗೆ ತೋರುವುದಿಲ್ಲ. ಅವರು ರೈಲನ್ನು ಬೇಡವೆನ್ನಲಿಲ್ಲ. ತಮ್ಮನ್ನು ಕೇಳದೆ ತಮ್ಮ ಹಣ ತೆಗೆಯುವುದನ್ನು ಬೇಡವೆಂದರು. ಹೊಸ ತೆರಿಗೆ ಹಾಕುವ ಮುನ್ನ ಸಾಮಾನ್ಯವಾಗಿ ಪ್ರಜಾಪ್ರತಿನಿಧಿ ಸಭೆಯ ಅಭಿಪ್ರಾಯ ಪಡೆಯಬೇಕೆಂಬ ನಿಯಮ ಬಂದದ್ದು 1923ರಲ್ಲಿ. ಹರಿಹರಕ್ಕೆ ಹಳಿ ತಲುಪಿ ಆಗಲೇ 34 ವರ್ಷಗಳಾಗಿದ್ದವು. ಕೊಡುವವನನ್ನು ಕೇಳುವ ಪದ್ಧತಿ ನಮ್ಮಲ್ಲಿ ರೈಲಿಗಿಂತ ನಿಧಾನವಾಗಿ ಬಂದಿತು.

ಕಡೂರಿನಿಂದ ಚಿಕ್ಕಮಗಳೂರಿಗೆ ಗಾಡಿ ಓಡತೊಡಗಿದ್ದು 2013ರ ನವೆಂಬರಿನಲ್ಲಿ. ಜಿಲ್ಲಾಕೇಂದ್ರಕ್ಕೆ ಹಳಿ ಬಂದಿತೆಂಬ ಸಂತೋಷ ನನಗೂ ಆಯಿತು. ಈಚಿನ ದಶಕಗಳಲ್ಲಿ ಕರ್ನಾಟಕದ ಕೆಲವು ಹೊಸ ಮಾರ್ಗಗಳ ಅರ್ಧ ವೆಚ್ಚವನ್ನು ರಾಜ್ಯವೇ ಹೊರುತ್ತಿದೆ. ಆ ಅರ್ಧದಲ್ಲಿ ರೈಲು ಕಾಣದ ಊರುಗಳವರ ಪಾಲೂ ಇದೆ. ಶಂಕುಸ್ಥಾಪನೆಯ ಕಲ್ಲಿನ ಮೇಲೆ ಅವರ ಹೆಸರಿರುವುದಿಲ್ಲ. ಲೆಕ್ಕವನ್ನಾದರೂ ಅವರ ಮುಂದಿಡಬೇಕು. ತಾತ ಕೇಳಿದ್ದು ಅಷ್ಟೇ.